ಬಂಡೆ ಸುರಿಯುವ ಮೊದಲು ಒಮ್ಮೆ ನೀರಿಗಿಳಿದು ನೋಡಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ಈ ಪತ್ರವನ್ನು ನಿಮ್ಮಿಬ್ಬರ ಕಚೇರಿಯ ಟಪಾಲಿಗೂ ಹಾಕಿದ್ದೇನೆ. ಆದರೆ ಸಂಗತಿ ಕಡತದೊಳಗೆ ಮುಗಿಯುವಂಥದ್ದಲ್ಲ. ಉಳ್ಳಾಲದಿಂದ ಬೈಂದೂರಿನವರೆಗೆ ಕಡಲ ಬದಿಯಲ್ಲಿರುವ ಎಲ್ಲರಿಗೂ ಸೇರಿದ್ದು ಎಂಬ ಕಾರಣಕ್ಕೆ ಬಹಿರಂಗವಾಗಿಯೂ ಬರೆಯುತ್ತಿದ್ದೇನೆ.

ಸುರತ್ಕಲ್‌ಗೂ ಮೂಲ್ಕಿಗೂ ನಡುವೆ, ನಾನು ಹುಟ್ಟಿದ ಊರಿನ ಎದುರು, ಇಳಿತದ ಹೊತ್ತಿಗೆ ಮಾತ್ರ ತಲೆ ತೋರಿಸುವ ಒಂದು ಕಲ್ಲಿನ ಸಾಲು ಇತ್ತು. ನನ್ನ ಸೋದರಮಾವ ಮೂವತ್ತು ವರ್ಷ ಆ ಕಲ್ಲುಗಳಿಂದ ಪಚ್ಚಿಲೆ (ಕಲ್ಲಿಗೆ ಅಂಟಿ ಬೆಳೆಯುವ, ತಿನ್ನುವ ಚಿಪ್ಪುಜೀವಿ) ಕಿತ್ತು ಮನೆ ನಡೆಸಿದವರು. ಸೊಂಟಕ್ಕೆ ಬಲೆಯ ಚೀಲ, ಕೈಯಲ್ಲಿ ಕಬ್ಬಿಣದ ಉಳಿ, ಒಂದೇ ಉಸಿರಿಗೆ ಮುಳುಗುವುದು. ಸಣ್ಣವಳಿದ್ದಾಗ ಅವರು ಮೇಲೆ ಬರುವವರೆಗೆ ನಾನೂ ಉಸಿರು ಹಿಡಿದು ದಡದಲ್ಲಿ ನಿಂತಿರುತ್ತಿದ್ದೆ. ಚೀಲ ಸುರಿದಾಗ ಪಚ್ಚಿಲೆಯ ಜೊತೆಗೆ ಕಿತ್ತಳೆ ಬಣ್ಣದ, ನೇರಳೆ ಬಣ್ಣದ ಮೆತ್ತನೆಯ ತುಂಡುಗಳು ಬೀಳುತ್ತಿದ್ದವು. ಮಾವ ಅವನ್ನು ಹೆಕ್ಕಿ ನೀರಿಗೇ ಎಸೆಯುತ್ತಿದ್ದರು. "ಅದು ಕಲ್ಲಿನದ್ದು, ಕಲ್ಲಿಗೇ ಹೋಗಲಿ" ಎನ್ನುತ್ತಿದ್ದರು. ಆ ತುಂಡುಗಳೇ ಸ್ಪಂಜು. ಮುಂದೆ ನಾನು ಓದಿದ್ದು, ಈಗ ಕೆಲಸ ಮಾಡುತ್ತಿರುವುದು ಎಲ್ಲವೂ ಅವುಗಳ ಮೇಲೆ, ಅವುಗಳ ಒಳಗೆ ವಾಸಿಸುವ ಸೂಕ್ಷ್ಮಜೀವಿಗಳ ಮೇಲೆ.

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಆ ಕಲ್ಲಿನ ಸಾಲಿನ ಮೇಲೆ ಟಿಪ್ಪರ್‌ಗಟ್ಟಲೆ ಬಂಡೆ ಬಿತ್ತು. ಕಡಲ್ಕೊರೆತ ತಡೆಯುವ ಕಾಮಗಾರಿ. ಅದು ಬೇಡ ಎಂದು ನಾನು ಹೇಳುತ್ತಿಲ್ಲ. ಜೂನ್ ತಿಂಗಳ ರಾತ್ರಿ ತೆಂಗಿನಮರ ಬುಡಸಮೇತ ಸಮುದ್ರಕ್ಕೆ ಹೋಗುವ ಸದ್ದು ಕೇಳಿದವರು ಯಾರೂ ತಡೆಗೋಡೆ ಬೇಡ ಎನ್ನುವುದಿಲ್ಲ. ಉಳ್ಳಾಲ, ಸೋಮೇಶ್ವರದ ಕಡೆ ಮನೆ ಕಳೆದುಕೊಂಡವರ ಮುಂದೆ ನಿಂತು ಸ್ಪಂಜಿನ ಮಾತಾಡುವ ಧೈರ್ಯ ನನಗೂ ಇಲ್ಲ. ನನ್ನ ನೋವು ಬೇರೆ. ಕಾಮಗಾರಿ ಶುರುವಾಗುವ ಮೊದಲು ಸಂಬಂಧಪಟ್ಟ ಒಂದು ಕಚೇರಿಗೆ ಹೋಗಿ, ಆ ಕಲ್ಲುಗಳನ್ನು ಒಮ್ಮೆ ಮುಳುಗಿ ನೋಡಿ ಮಾದರಿ ತೆಗೆದುಕೊಳ್ಳಲು ಹದಿನೈದು ದಿನ ಕೊಡಿ ಎಂದು ಕೇಳಿದ್ದೆ. ಅಲ್ಲಿದ್ದವರು ನಾನು ಒಯ್ದಿದ್ದ ಬಾಟಲಿಯನ್ನು ತಿರುಗಿಸಿ ನೋಡಿ ಕೇಳಿದರು: "ಇದು ತಿನ್ನುವಂಥದ್ದಾ?" ಅಲ್ಲ ಎಂದೆ. "ಉಂದು ದಾಯೆಗ್?" ಎಂದರು. ಇದು ಯಾತಕ್ಕೆ? ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಯೋಜನೆಯ ವರದಿಯಲ್ಲಿ ಆ ಜಾಗದ ಬಗ್ಗೆ ಇದ್ದದ್ದು "ಕಲ್ಲಿನ ತಳ" ಎಂಬ ಎರಡು ಶಬ್ದ. ಅಂದು ನನಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ, ಕಣ್ಣು ತುಂಬಿ ಬಂದಿತ್ತು. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಸ್ಪಂಜು ಗಿಡವಲ್ಲ, ಪಾಚಿಯಲ್ಲ, ಪ್ರಾಣಿ. ಬಾಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ, ಹೃದಯವಿಲ್ಲ. ಮೈತುಂಬ ಸೂಜಿಮೊನೆಗಿಂತ ಸಣ್ಣ ರಂಧ್ರಗಳು. ಅವುಗಳಿಂದ ನೀರು ಒಳಗೆ ಹೋಗುತ್ತದೆ, ಒಳಗಿನ ಕಾಲುವೆಗಳಲ್ಲಿ ಚಾಟಿಯಂಥ ಬಾಲವಿರುವ ಕೋಶಗಳು ಆ ನೀರನ್ನು ಎಳೆಯುತ್ತಲೇ ಇರುತ್ತವೆ, ಮೇಲಿನ ದೊಡ್ಡ ತೂತಿನಿಂದ ನೀರು ಹೊರಗೆ ಬರುತ್ತದೆ. ಇಷ್ಟೇ ಅದರ ಬದುಕು. 50 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಲ್ಲಿ ಇವುಗಳ ಪಳೆಯುಳಿಕೆ ಸಿಗುತ್ತದೆ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು ಎಂದು ನಾವು ಹೆಮ್ಮೆಯಿಂದ ಪ್ರವಾಸಿಗರಿಗೆ ಹೇಳುತ್ತೇವಲ್ಲ, ಆ ಲಾವಾ ಉಕ್ಕಿ ಬಂದಾಗಲೇ ಸ್ಪಂಜುಗಳ ವಂಶ 40 ಕೋಟಿ ವರ್ಷಕ್ಕೂ ಹಳೆಯದಾಗಿತ್ತು.

ಅದರ ಕೆಲಸದ ಪ್ರಮಾಣ ಕೇಳಿ. ಒಂದು ಕಿಲೋ ತೂಗುವ ಸ್ಪಂಜು ದಿನಕ್ಕೆ 24,000 ಲೀಟರಿನವರೆಗೆ ನೀರನ್ನು ತನ್ನ ಮೈಯೊಳಗಿಂದ ಹಾಯಿಸಬಲ್ಲದು. ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುತ್ತದಲ್ಲ, 12,000 ಲೀಟರಿನ ಟ್ಯಾಂಕರ್, ಅಂಥವು ಎರಡು. ಒಂದು ಮಿಲಿಲೀಟರ್ ಕಡಲನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಹಾದುಹೋಗುವ ನೀರಿನಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲನ್ನು ಸ್ಪಂಜು ಹಿಡಿದು ತಿನ್ನುತ್ತದೆ. ಹಾಗಾದರೆ ಊರಿನ ಚರಂಡಿ ನೀರನ್ನೆಲ್ಲ ಸ್ಪಂಜಿಗೇ ಬಿಟ್ಟರಾಯಿತಲ್ಲ ಎಂದು ಒಬ್ಬರು ನನ್ನನ್ನು ಕೇಳಿದ್ದುಂಟು. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಕೆಸರು ಮಿತಿ ಮೀರಿದರೆ ರಂಧ್ರ ಮುಚ್ಚಿ ಸ್ಪಂಜೇ ಸಾಯುತ್ತದೆ. ಊರಿನ ಕೊಳಕು ನೀರಿಗೆ ಊರೇ ವ್ಯವಸ್ಥೆ ಮಾಡಬೇಕು.

ಈಗ ನನ್ನ ಕೆಲಸದ ಭಾಗಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬ್ಯಾಕ್ಟೀರಿಯಾ ತಿಂದು ಬದುಕುವ ಇದೇ ಪ್ರಾಣಿ ತನ್ನ ಮೈಯೊಳಗೆ ಬೇರೆ ಬ್ಯಾಕ್ಟೀರಿಯಾಗಳನ್ನು ಸಾಕಿಕೊಂಡಿರುತ್ತದೆ. ಕೆಲವು ಜಾತಿಗಳಲ್ಲಿ ಸ್ಪಂಜಿನ ಒಟ್ಟು ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೇ ಸೂಕ್ಷ್ಮಜೀವಿಗಳದ್ದು. ಯಾವುದನ್ನು ತಿನ್ನಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ನರವೇ ಇಲ್ಲದ ಪ್ರಾಣಿ ಹೇಗೆ ಗುರುತಿಸುತ್ತದೆ ಎಂಬ ಒಂದು ಪ್ರಶ್ನೆಯ ಮೇಲೆ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ದುಡಿಯುತ್ತಿವೆ. 2004ರಲ್ಲಿ ಜರ್ಮನಿಯ ಊಟೆ ಹೆನ್‌ಷೆಲ್ ಅವರ ತಂಡ ಸ್ಪಂಜುಗಳೊಳಗೆ ಬ್ಯಾಕ್ಟೀರಿಯಾಗಳ ಹೊಸದೊಂದು ವಿಭಾಗವನ್ನೇ ಗುರುತಿಸಿ ಪೊರಿಬ್ಯಾಕ್ಟೀರಿಯಾ ಎಂದು ಹೆಸರಿಟ್ಟಿತು. 2016ರಲ್ಲಿ ಬೇರೆ ಬೇರೆ ಸಮುದ್ರಗಳ 81 ಜಾತಿಯ ಸ್ಪಂಜುಗಳನ್ನು ಡಿಎನ್‌ಎ ಮೂಲಕ ಪರೀಕ್ಷಿಸಿದಾಗ ನಲವತ್ತಕ್ಕೂ ಹೆಚ್ಚು ವಿಭಾಗಗಳ ಸೂಕ್ಷ್ಮಜೀವಿಗಳು ಸಿಕ್ಕವು. ಬೆರಳಗಲದ ಒಂದು ತುಂಡಿನಲ್ಲಿ ಒಂದು ಕಾಡಿನಷ್ಟು ವೈವಿಧ್ಯ.

ಈ ಒಳಗಿನವರು ಸುಮ್ಮನೆ ಕೂತಿರುವುದಿಲ್ಲ. ಸ್ಪಂಜು ಹೊರಹಾಕುವ ಅಮೋನಿಯಾವನ್ನು ಒಂದು ಗುಂಪು ನೈಟ್ರೇಟ್ ಮಾಡುತ್ತದೆ. ಮೈಯೊಳಗೆ ಆಮ್ಲಜನಕ ಇಲ್ಲದ ಜಾಗದಲ್ಲಿ ಇನ್ನೊಂದು ಗುಂಪು ಅದನ್ನು ಸಾರಜನಕದ ಅನಿಲವಾಗಿ ಬಿಡುತ್ತದೆ. ಈ ಮಾತು ನಮ್ಮ ಕರಾವಳಿಗೆ ಬಹಳ ಮುಖ್ಯ, ಏಕೆಂದರೆ ಮುಂಗಾರಿನ ಕೊನೆಗೆ ಭಾರತದ ಪಶ್ಚಿಮ ತೀರದ ಉದ್ದಕ್ಕೂ ಆಳದ ತಣ್ಣೀರು ಮೇಲೆ ಬರುವಾಗ ಆಮ್ಲಜನಕ ತೀರ ಕಡಿಮೆಯಾಗುತ್ತದೆ, ಸಾರಜನಕದ ಲೆಕ್ಕವೇ ತಲೆಕೆಳಗಾಗುತ್ತದೆ. 2013ರಲ್ಲಿ ಡಚ್ ವಿಜ್ಞಾನಿ ಯಾಸ್ಪರ್ ಡ ಹೂಯಿ ಮತ್ತು ಸಂಗಡಿಗರು ಇನ್ನೊಂದು ಸಂಗತಿ ತೋರಿಸಿದರು. ನೀರಿನಲ್ಲಿ ಕರಗಿರುವ, ಬೇರೆ ಪ್ರಾಣಿಗಳಿಗೆ ಬಾಯಿಗೆ ಸಿಗದ ಸಾವಯವ ಪದಾರ್ಥವನ್ನು ಸ್ಪಂಜು ಹೀರಿಕೊಂಡು, ತನ್ನ ಹಳೆ ಕೋಶಗಳನ್ನು ಉದುರಿಸಿ, ಏಡಿ ಹುಳುಗಳು ತಿನ್ನಬಹುದಾದ ಪುಡಿಯನ್ನಾಗಿ ಕೊಡುತ್ತದೆ. ಏಡಿ ಹುಳುಗಳನ್ನು ಮೀನು ತಿನ್ನುತ್ತದೆ. 2022ರ ಒಂದು ಅಧ್ಯಯನವಂತೂ ಕೆರಿಬಿಯನ್ ಸ್ಪಂಜೊಂದು ರಂಧ್ರಕ್ಕೆ ಸಿಕ್ಕಿದ ಕಸವನ್ನು ಲೋಳೆಯಲ್ಲಿ ಸುತ್ತಿ ಸೀನಿದ ಹಾಗೆ ಹೊರತಳ್ಳುವುದನ್ನೂ, ಆ ಲೋಳೆಯನ್ನು ಸಣ್ಣ ಪ್ರಾಣಿಗಳು ಬಂದು ತಿನ್ನುವುದನ್ನೂ ವಿಡಿಯೊದಲ್ಲಿ ಹಿಡಿಯಿತು. ಆದುದರಿಂದ "ತಿನ್ನುವಂಥದ್ದಾ" ಎಂಬ ಪ್ರಶ್ನೆಗೆ ಅಂದೇ ಹೌದು ಎನ್ನಬಹುದಿತ್ತು. ನಾವು ತಿನ್ನುವುದಿಲ್ಲ, ನಾವು ತಿನ್ನುವ ಮೀನಿನ ಊಟದ ಹಿಂದೆ ಅದಿದೆ.

ಔಷಧಿಯ ಮಾತನ್ನು ಸಾಮಾನ್ಯವಾಗಿ ಎಲ್ಲರೂ ಮೊದಲು ಹೇಳುತ್ತಾರೆ. ನಾನು ಬೇಕೆಂದೇ ಹಿಂದೆ ಇಟ್ಟೆ, ಲಾಭಕ್ಕಾಗಿ ಮಾತ್ರ ಜೀವಿಯನ್ನು ಉಳಿಸಬೇಕು ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೂ ಹೇಳಲೇಬೇಕು. ನಮ್ಮ ನೆರೆಮನೆಯ ಹುಡುಗನಿಗೆ ರಕ್ತದ ಕ್ಯಾನ್ಸರ್ ಆದಾಗ ಅವನ ಅಮ್ಮ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು, ಇದೇನೆಂದು ಓದಿ ಹೇಳು ಎಂದರು. ಅದರಲ್ಲಿ ಸೈಟರಾಬಿನ್ ಎಂದಿತ್ತು. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನವಿಜ್ಞಾನಿ ಫ್ಲೋರಿಡಾದ ಕಡಲಿನ ಒಂದು ಸ್ಪಂಜಿನಲ್ಲಿ ವಿಚಿತ್ರ ರಚನೆಯ ಕೆಲವು ಅಣುಗಳನ್ನು ಕಂಡದ್ದು. ಆ ರಚನೆಯ ಜಾಡು ಹಿಡಿದು ತಯಾರಾದ ಔಷಧಿ ಅದು, ಅಮೆರಿಕದಲ್ಲಿ 1969ರಲ್ಲಿ ಒಪ್ಪಿಗೆ ಪಡೆಯಿತು. ಜಪಾನಿನ ಸ್ಪಂಜೊಂದರಲ್ಲಿ 1980ರ ದಶಕದಲ್ಲಿ ಸಿಕ್ಕ ಇನ್ನೊಂದು ಅಣುವಿನ ಮಾದರಿಯಿಂದ ಎರಿಬುಲಿನ್ ಬಂತು, 2010ರಿಂದ ಸ್ತನ ಕ್ಯಾನ್ಸರಿಗೆ ಕೊಡುತ್ತಿದ್ದಾರೆ. ಎರಡನ್ನೂ ಈಗ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ, ಸ್ಪಂಜು ಕೀಳುವ ಅಗತ್ಯವೇ ಇಲ್ಲ. 2014ರಲ್ಲಿ ಇನ್ನೂ ಸೋಜಿಗದ ವಿಷಯ ಗೊತ್ತಾಯಿತು. ಥಿಯೊನೆಲ್ಲಾ ಎಂಬ ಸ್ಪಂಜು ಹತ್ತಾರು ಬಗೆಯ ಪ್ರಬಲ ರಾಸಾಯನಿಕಗಳಿಗೆ ಹೆಸರಾಗಿತ್ತು, ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ತಯಾರಿಸುವುದು ಅದರೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ. ಮನೆ ಸ್ಪಂಜಿನದು, ಅಡುಗೆ ಒಳಗಿನವರದು. ಮನೆ ಹೋದರೆ ಅಡುಗೆಯವರೂ ಹೋಗುತ್ತಾರೆ, ಅವರಲ್ಲಿ ಹೆಚ್ಚಿನವರನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ನಮಗೆ ಇನ್ನೂ ಬರುವುದಿಲ್ಲ. ನೆರೆಮನೆಯ ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ.

ಇಷ್ಟನ್ನೂ ಬರೆದದ್ದು ಒಂದೇ ಮಾತು ಹೇಳಲಿಕ್ಕೆ. ಸ್ಪಂಜಿಗೆ ತೊಂದರೆಯಾದಾಗ ಅದು ಮೊದಲು ಹೊರಗೆ ಕಾಣುವುದಿಲ್ಲ. ಬಣ್ಣ ಹಾಗೆಯೇ ಇರುತ್ತದೆ, ಆಕಾರ ಹಾಗೆಯೇ ಇರುತ್ತದೆ, ಒಳಗಿನ ಸೂಕ್ಷ್ಮಜೀವಿಗಳ ಸಂಸಾರ ಆಗಲೇ ಒಡೆದಿರಬಹುದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಒಂದು ಸ್ಪಂಜಿನ ಮೇಲೆ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೀರು 31 ಡಿಗ್ರಿ ಸೆಲ್ಸಿಯಸ್ ಇರುವವರೆಗೆ ಒಳಗಿನ ಸಮುದಾಯ ಅಲುಗಲಿಲ್ಲ. 33ಕ್ಕೆ ಏರಿದಾಗ ತನ್ನದೇ ಬ್ಯಾಕ್ಟೀರಿಯಾಗಳು ಮಾಯವಾಗಿ ಬೇರೆಯವು ಬಂದು ಕೂತವು. ಎರಡೇ ಡಿಗ್ರಿ ಅಂತರ. ಹಾಗಾಗಿ ಕಡಲು ಹೇಗಿದೆ ಎಂದು ತಿಳಿಯಲು ಸ್ಪಂಜಿನ ಒಳಗನ್ನು ನೋಡುವುದು ನಾಡಿ ಹಿಡಿದು ನೋಡಿದ ಹಾಗೆ. ಆದರೆ ನಾಡಿ ಹಿಡಿಯುವವರಿಗೆ ಆರೋಗ್ಯವಾಗಿದ್ದಾಗಿನ ಬಡಿತ ಮೊದಲೇ ಗೊತ್ತಿರಬೇಕು.

2022ರ ಜೂನ್ ನೆನಪಿಸಿಕೊಳ್ಳಿ. ಉಕ್ಕಿನ ಸರಕು ಹೊತ್ತ ಪ್ರಿನ್ಸೆಸ್ ಮಿರಾಲ್ ಹಡಗು ಉಳ್ಳಾಲದ ಬಟಪಾಡಿಯ ಎದುರು ಮುಳುಗಿತು. ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ರಕ್ಷಿಸಿತು. ಆಮೇಲೆ ಎಷ್ಟೋ ದಿನ ಊರವರ ಬಾಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಹಡಗಿನ ಎಣ್ಣೆ ಸೋರಿದರೆ ಏನು ಗತಿ ಎಂದು. ಆ ಪ್ರಶ್ನೆ ಕೇಳಿ ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಎಣ್ಣೆ ಬಂದರೆ ಕಲ್ಲಿನ ಮೇಲಿನ ಜೀವಕ್ಕೆ ಏನಾಯಿತು ಎಂದು ಹೇಳಬೇಕಾದರೆ, ಎಣ್ಣೆ ಬರುವ ಮುಂಚಿನ ದಿನ ಅದು ಹೇಗಿತ್ತು ಎಂಬ ದಾಖಲೆ ಕೈಯಲ್ಲಿರಬೇಕು. ನನ್ನ ಕೈಯಲ್ಲಿ ಆಗ ಇದ್ದದ್ದು ಮಾವನ ನೆನಪು ಮಾತ್ರ.

ಕಾನೂನಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಊರವರು ಓದುವ ಪತ್ರವಾದ್ದರಿಂದ ಬರೆಯುತ್ತೇನೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮವಾದ '1ಎ' ವರ್ಗಕ್ಕೆ ಕಾಂಡ್ಲಾಕಾಡು, ಹವಳದ ದಿಬ್ಬ, ಕಡಲಾಮೆ ಮೊಟ್ಟೆಯಿಡುವ ತೀರ, ಕಡಲಹುಲ್ಲಿನ ಬಯಲು ಎಲ್ಲ ಬರುತ್ತವೆ. ಆ ಪಟ್ಟಿಯಲ್ಲಿ ಸ್ಪಂಜಿನ ಹೆಸರಿಲ್ಲ. ಹವಳವಿದ್ದರೆ ಕಾಮಗಾರಿಗೆ ಮೊದಲು ಪ್ರಶ್ನೆ ಏಳುತ್ತದೆ, ಸ್ಪಂಜು ಎಷ್ಟೇ ಇದ್ದರೂ ಅದು ಬರೇ "ಕಲ್ಲಿನ ತಳ". ಅಧಿಸೂಚನೆ ಬದಲಿಸುವುದು ದಿಲ್ಲಿಯ ಕೆಲಸ, ನಿಮ್ಮ ಕೈಯಲ್ಲಿಲ್ಲ. ಆದರೆ ನಿಮ್ಮ ಕೈಯಲ್ಲಿರುವುದು ಇನ್ನೆರಡು ಇವೆ. ಜಿಲ್ಲಾ ಮಟ್ಟದ ಸಮಿತಿಗೆ ನೀವೇ ಅಧ್ಯಕ್ಷರು, ಅದರಲ್ಲಿ ಮೀನುಗಾರ ಸಮುದಾಯದವರೂ ಇರಬೇಕೆಂದು 2011ರ ಅಧಿಸೂಚನೆಯೇ ಹೇಳಿದೆ. ಮತ್ತೆ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ಜನತಾ ದಾಖಲಾತಿ ಇರಬೇಕು. ನಮ್ಮ ಪಂಚಾಯತಿಯ ದಾಖಲಾತಿಯನ್ನು ನಾನು ನೋಡಿದೆ. ಮಾವು, ಹಲಸು, ಹಾವು, ಹಕ್ಕಿ ಎಲ್ಲ ಚೆನ್ನಾಗಿ ಬರೆದಿದ್ದಾರೆ. ನೀರಿನ ಅಂಚಿಗೆ ಬಂದಲ್ಲಿ ಪುಸ್ತಕ ಮುಗಿಯುತ್ತದೆ.

ಅಲ್ಲಿಂದ ಮುಂದೆ ಒಂದು ಪುಟ ಸೇರಿಸಿ ಎಂಬುದೇ ನನ್ನ ಬೇಡಿಕೆ. ತಡೆಗೋಡೆಯಿರಲಿ, ಜೆಟ್ಟಿಯಿರಲಿ, ಬ್ರೇಕ್‌ವಾಟರ್ ಇರಲಿ, ಕಲ್ಲು ಬೀಳುವ ಮೊದಲು ಇಳಿತದ ದಿನಗಳಲ್ಲಿ ಎರಡು ವಾರ ಯಾರಾದರೂ ಆ ಜಾಗಕ್ಕೆ ಮುಳುಗಿ ನೋಡಲಿ, ಫೋಟೊ ತೆಗೆಯಲಿ, ಸ್ಪಂಜಿನ ಉಗುರಿನಷ್ಟು ಚೂರು ಕತ್ತರಿಸಿ ಮದ್ಯಸಾರದಲ್ಲಿ ಇಡಲಿ. ಅಷ್ಟು ಕತ್ತರಿಸಿದರೆ ಸ್ಪಂಜು ಸಾಯುವುದಿಲ್ಲ. 1907ರಲ್ಲೇ ಎಚ್. ವಿ. ವಿಲ್ಸನ್ ಎಂಬ ವಿಜ್ಞಾನಿ ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಕೋಶ ಕೋಶವಾಗಿ ಬಿಡಿಸಿದರೂ ಅವು ಮತ್ತೆ ಒಟ್ಟುಗೂಡಿ ಹೊಸ ಸ್ಪಂಜಾದವು ಎಂದು ತೋರಿಸಿದ್ದಾರೆ. ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ ಚೂರು ತೆಗೆಯಬೇಕು. ಜೂನ್, ಜುಲೈ ಟ್ರಾಲಿಂಗ್ ನಿಷೇಧದ 61 ದಿನ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣೆಯ ಕೆಂಪು ನೀರು ಕಡಲಿಗೆ ನುಗ್ಗುತ್ತದೆ. ಉಪ್ಪು ಇಳಿದು, ಕೆಸರು ಏರಿ, ಆ ಎರಡು ತಿಂಗಳನ್ನು ಕಲ್ಲಿಗೆ ಅಂಟಿಕೊಂಡ ಈ ಪ್ರಾಣಿ ಹೇಗೆ ಕಳೆಯುತ್ತದೆ ಎಂಬುದಕ್ಕೆ ಉತ್ತರ ಮುಂಚಿನ ಚೂರು, ನಂತರದ ಚೂರು ಎರಡನ್ನೂ ಒಟ್ಟಿಗೆ ಇಟ್ಟಾಗಲೇ ಸಿಗುವುದು. ಭಾರತದ ಸ್ಪಂಜುಗಳ ಬಗ್ಗೆ ಓದುವಾಗಲೆಲ್ಲ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯ ಹೆಸರು ಬರುತ್ತದೆ. ನಮ್ಮಷ್ಟು ಮಳೆ ಅಲ್ಲಿ ಬೀಳುವುದಿಲ್ಲ. ನಮ್ಮ ಪ್ರಶ್ನೆಗೆ ಇಲ್ಲಿನ ಕಲ್ಲೇ ಉತ್ತರ ಹೇಳಬೇಕು.

ಹೊಸ ಬಂಡೆಯ ಮೇಲೂ ಜೀವ ಬೆಳೆಯುತ್ತದಲ್ಲ ಎಂದು ಎಂಜಿನಿಯರ್ ಒಬ್ಬರು ಸೌಜನ್ಯದಿಂದಲೇ ಕೇಳಿದರು. ಬೆಳೆಯುತ್ತದೆ. ಮೊದಲು ಪಾಚಿ, ಬಾರ್ನಕಲ್ ಬರುತ್ತವೆ. ಆದರೆ ಪ್ರತಿ ಮಳೆಗಾಲಕ್ಕೆ ಉರುಳುವ ರಾಶಿಗಲ್ಲಿಗೂ, ತಲೆಮಾರುಗಳಿಂದ ಅಲುಗದೆ ನಿಂತ ಬಂಡೆಗೂ ವ್ಯತ್ಯಾಸವಿದೆ. ಬಾಡಿಗೆ ಮನೆಗೂ ತರವಾಡು ಮನೆಗೂ ಇರುವಷ್ಟು. ಸಮೀಕ್ಷೆ ಮಾಡಿದ ಮೇಲೆ ಆ ಜಾಗ ಅಷ್ಟೇನೂ ವಿಶೇಷವಲ್ಲ ಎಂದು ಕಂಡರೆ ಕಲ್ಲು ಹಾಕಿ, ನಾನೇ ಒಪ್ಪಿ ಸಹಿ ಮಾಡುತ್ತೇನೆ. ವಿಶೇಷವೆಂದು ಕಂಡರೆ ಗೋಡೆಯನ್ನು ಹತ್ತಿಪ್ಪತ್ತು ಮೀಟರ್ ದಡದ ಕಡೆಗೆ ಸರಿಸಲು ಆಗುತ್ತದೆಯೇ ಎಂದು ಕೂತು ಮಾತಾಡೋಣ.

ಈ ಕೆಲಸಕ್ಕೆ ಹೊರಗಿನಿಂದ ದೊಡ್ಡ ತಂಡ ಕರೆಸಬೇಕಾಗಿಲ್ಲ. 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯವಿದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರ ಇದೆ. ನೀರಿಗಿಳಿಯುವವರಂತೂ ಪ್ರತಿ ಊರಿನಲ್ಲಿದ್ದಾರೆ. ಪಚ್ಚಿಲೆ ಕೀಳುವವರಿಗೆ ಯಾವ ಕಲ್ಲಿನ ಯಾವ ಬದಿಗೆ ಏನು ಬೆಳೆಯುತ್ತದೆ ಎಂಬುದು ಕತ್ತಲಲ್ಲೂ ಗೊತ್ತು. ಅವರಿಗೆ ದಿನಗೂಲಿ ಕೊಡಿ, ಸ್ನಾರ್ಕಲ್ ಕೊಡಿ, ದಾಖಲಾತಿಯಲ್ಲಿ ಅವರ ಹೆಸರು ಬರೆಯಿರಿ. ನನ್ನ ಮಾವನಿಗೆ ಈಗ ಅರವತ್ತೆಂಟು. ನಾನು ಫೋಟೊ ತೋರಿಸಿದರೆ "ಇದು ಬಡಗು ಕಲ್ಲಿನ ಅಡಿಯಲ್ಲಿ ಇರುತ್ತಿತ್ತು, ದೊಡ್ಡ ಗಾಳಿಮಳೆ ಬಂದ ವರ್ಷ ಕಡಿಮೆಯಾಯಿತು, ಮತ್ತೆ ಬಂತು" ಎನ್ನುತ್ತಾರೆ. ಆ ಮಾತಿಗೆ ನನ್ನ ಪ್ರಯೋಗಾಲಯದಲ್ಲಿ ಬೆಲೆ ಕಟ್ಟಲಾಗದು. ಅದನ್ನು ಬರೆದಿಟ್ಟುಕೊಳ್ಳುವವರು ಬೇಕು, ಅದೂ ಬೇಗ ಬೇಕು.

ಒಂದು ಫ್ರೀಜರ್ ಬೇಕು ಎಂಬುದನ್ನೂ ಸೇರಿಸುತ್ತೇನೆ. ಡಿಎನ್‌ಎ ಕೆಡದಂತೆ ಮಾದರಿಗಳನ್ನು ವರ್ಷಗಟ್ಟಲೆ ಇಡಲು ಮೈನಸ್ 80 ಡಿಗ್ರಿಯ ಫ್ರೀಜರ್. ಕರೆಂಟ್ ಹೋದರೂ ನಡೆಯುವಂತೆ ಹಿಂದೆ ಒಂದು ಜನರೇಟರ್. ಎರಡೂ ಜಿಲ್ಲೆಗಳಿಗೆ ಸೇರಿ ಒಂದು ಸಾಕು. ಇಂದು ಇಟ್ಟ ಚೂರನ್ನು ಇಪ್ಪತ್ತು ವರ್ಷ ಕಳೆದು ಯಾರೋ ಒಬ್ಬ ಹುಡುಗಿ ತೆಗೆದು, ನಮಗೆ ಈಗ ಇಲ್ಲದ ಯಂತ್ರದಲ್ಲಿ ಹಾಕಿ ನೋಡುತ್ತಾಳೆ.

ಮಳೆ ಶುರುವಾಗುವ ಮೊದಲು ಅಮಾವಾಸ್ಯೆಯ ಇಳಿತ ಇನ್ನೆರಡು ಸಲ ಬರುತ್ತದೆ. ಬಂಡೆ ಬೀಳದೆ ಉಳಿದ ನಾಲ್ಕು ಕಲ್ಲುಗಳು ನಮ್ಮೂರಿನ ತೆಂಕುಬದಿಗೆ ಇನ್ನೂ ಇವೆ. ಬೆಳಿಗ್ಗೆ ಐದೂವರೆಗೆ ಬಂದರೆ ಮೊಣಕಾಲು ನೀರಿನಲ್ಲೇ ನೋಡಬಹುದು, ಮುಳುಗಬೇಕಾಗಿಲ್ಲ. ಜಾರದ ಚಪ್ಪಲಿ ಹಾಕಿಕೊಂಡು ಬನ್ನಿ. ಟಾರ್ಚು ನಾನು ತರುತ್ತೇನೆ. ಕಲ್ಲಿನ ದಾರಿ ತೋರಿಸಲು ಮಾವ ಬರುತ್ತೇನೆಂದು ಹೇಳಿದ್ದಾರೆ.

ವಿಶ್ವಾಸಗಳೊಂದಿಗೆ,
ಸುರತ್ಕಲ್ ಸಮೀಪದ ಕಡಲ ಊರಿನ ಒಬ್ಬ ಸಂಶೋಧಕಿ